ಅಡುಗೆಮನೆಯ ಹಸಿರು ಫೋನು

ಅಕ್ಕಾ,

ನಿನ್ನನ್ನು ಹೀಗೆ ಕರೆಯುವುದು ನನಗೇನು ಖುಷಿಯ ವಿಷಯವಲ್ಲ. ನೀನು ಬದುಕಿದ್ದರೆ ನಮ್ಮಿಬ್ಬರಿಗೆ ಪರಿಚಯವೇ ಇರುತ್ತಿರಲಿಲ್ಲ. ನೀನು ಶಿವಬಸವ ನಗರದ ಈ ಮನೆಯಲ್ಲಿ ಇರುತ್ತಿದ್ದೆ, ನಾನು ಬೈಲಹೊಂಗಲದಲ್ಲಿ ನನ್ನ ಹೊಲಿಗೆ ಕ್ಲಾಸು ನಡೆಸಿಕೊಂಡು ಇರುತ್ತಿದ್ದೆ. ನೀನು ಹೋದ ಮೂರನೆಯ ವರ್ಷಕ್ಕೆ ನಿನ್ನ ಗಂಡನನ್ನು ಮದುವೆಯಾಗಿ ಬಂದೆ. ಆದ್ದರಿಂದ ನೀನು ಅಕ್ಕ, ನಾನು ಎರಡನೆಯವಳು ಕಸ್ತೂರಿ. ದೇವರ ಕೋಣೆಯ ಬಾಜುವಿನ ಗೋಡೆಯ ಮೇಲೆ ಫೋಟೋದಲ್ಲಿ ನಗುತ್ತ ನಿಂತಿದ್ದೀಯ. ಯಾಕೆ ನಗಬಾರದು? ನಿನಗೆ ವಯಸ್ಸಾಗುವುದಿಲ್ಲ, ನಿನ್ನ ಸಾರಿಗೆ ಉಪ್ಪು ಹೆಚ್ಚಾಗುವುದಿಲ್ಲ, ನಿನ್ನ ಮಾತು ಯಾರಿಗೂ ಕಿರಿಕಿರಿಯಾಗುವುದಿಲ್ಲ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಏಳು ವರ್ಷದಿಂದ ಇದೆ. ಇವತ್ತು ಬರೆದೇ ಹೇಳುತ್ತಿದ್ದೇನೆ, ಯಾಕೆಂದರೆ ಇವತ್ತು ನನ್ನ ಹತ್ತಿರ ಒಂದು ಸುದ್ದಿ ಇದೆ.

ಮದುವೆಯ ಮರುದಿನ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೊರಳಿಗೆ ಒಂದು ಸಣ್ಣ ಬೆಳ್ಳಿಯ ಟಾಕು ಕಟ್ಟಿದರು. ಉಗುರಿನಷ್ಟು ತಗಡು, ಅದರ ಮೇಲೊಂದು ಹೆಣ್ಣಿನ ಆಕಾರ. ಅದು ನೀನಂತೆ. "ಹಿರೇಕಿ ಅದಾಳವಾ. ಮನಿಗೆ ಏನ ಹೊಸಾದು ಬಂದರೂ ಮೊದಲ ಆಕಿ ಮುಂದ ಇಡಬೇಕ, ಆಮ್ಯಾಲ ನೀ ಮುಟ್ಟಬೇಕ" ಎಂದರು. ಅತ್ತೆ ಈಗ ಇಲ್ಲ, ನೀನೇ ಅವರನ್ನು ನೋಡಿಕೊಳ್ಳುತ್ತಿರಬಹುದು. ಆದರೆ ಪದ್ಧತಿ ಉಳಿಯಿತು. ಹಬ್ಬದ ಸೀರೆ ಮೊದಲು ನಿನ್ನ ಮುಂದೆ, ಆಮೇಲೆ ನನ್ನ ಮೈಮೇಲೆ. ಹೋಳಿಗೆ ಮೊದಲು ನಿನಗೆ. ಹೊಸ ಕುಕ್ಕರನ್ನು ನಿನ್ನ ಫೋಟೋದ ಮುಂದಿಟ್ಟು ಕುಂಕುಮ ಹಚ್ಚಿದಾಗ ನನಗೆ ನಗು ಬಂದಿತ್ತು. ಸೀರೆ ಇಟ್ಟಾಗ ಒಮ್ಮೆಯೂ ಬಂದಿಲ್ಲ.

ನಾನು ಈ ಮನೆಗೆ ಬಂದ ಮೊದಲ ವಾರ ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು. ಅಡುಗೆಮನೆಯಲ್ಲಿ ಫೋನು ಇರುವುದನ್ನು ನಾನು ಅದೇ ಮೊದಲು ಕಂಡಿದ್ದು. ಹಸಿರು ಬಣ್ಣದ್ದು, ಕಟ್ಟೆಯ ಮೇಲೆ ಉಪ್ಪಿನ ಭರಣಿಯ ಪಕ್ಕದಲ್ಲಿ. ಹಿಟ್ಟಿನ ಕೈಯಲ್ಲೇ ಎತ್ತಿದೆ. "ಯಾರು ಮಾತಾಡೂದು?" ಎಂದಿತು ಒಂದು ಹೆಣ್ಣು ದನಿ. "ಮನಿಯವರ್ರೀ" ಎಂದೆ. ಆ ಕಡೆ ಸದ್ದಿಲ್ಲ. ಆಮೇಲೆ ಮೆಲ್ಲಗೆ ಇಟ್ಟುಬಿಟ್ಟಳು. ಅವಳು ಖಾನಾಪುರದ ನಿನ್ನ ತಂಗಿ ಮಂದಾ ಎಂದು ಸಂಜೆ ತಿಳಿಯಿತು. ಅಂದಿನಿಂದ ಅವಳ ಫೋನು ಭಾನುವಾರ ಬೆಳಿಗ್ಗೆ ಮಾತ್ರ, ಯಜಮಾನರು ಮನೆಯಲ್ಲಿದ್ದಾಗ. ಅವರು ನಿನ್ನ ಸಣ್ಣ ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತಾಡುತ್ತಾರೆ. ಅಷ್ಟು ಹೊತ್ತು ನಾನು ನನ್ನದೇ ಅಡುಗೆಮನೆಯಿಂದ ಹೊರಗೆ. ಹಿತ್ತಲಲ್ಲಿ ನಿಂತು ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತೇನೆ.

ನೀನು ಈ ಫೋನು ಹಾಕಿಸಿದ ಕಥೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ. ಹಾಲ್‌ನಲ್ಲಿ ಒಂದೇ ಫೋನಿತ್ತಂತೆ. ಮಂದಾಳ ಮಾತು ಮುಗಿಯುತ್ತಿರಲಿಲ್ಲ, ಒಲೆಯ ಮೇಲಿನ ಅನ್ನ ಕಾಯುತ್ತಿರಲಿಲ್ಲ. ಮೂರು ಸಲ ಅನ್ನ ಸೀದ ಮೇಲೆ ನೀನು, "ಫೋನು ಅಡಗಿಮನಿಗೆ ಬರಬೇಕ, ಇಲ್ಲಾ ಅಡಗಿಮನಿ ಹಾಲಿಗೆ ಬರಬೇಕ" ಎಂದೆಯಂತೆ. ವಾಯರಿನವನನ್ನು ನೀನೇ ಕರೆಸಿ, ಏಣಿ ಹಿಡಿದು ನಿಂತು, ಅಡುಗೆಮನೆಗೊಂದು, ಮಾಳಿಗೆ ಕೋಣೆಗೊಂದು ಅದೇ ಲೈನಿನ ಪ್ಯಾರಲಲ್ ಫೋನು ಹಾಕಿಸಿದೆ. ಲೈನು ನಿನ್ನ ಹೆಸರಿನಲ್ಲೇ ಇದೆ ಈಗಲೂ. ಹೇಳುವಾಗ ಅವರ ಮುಖದಲ್ಲಿ ಒಂದು ನಗು ಬರುತ್ತದೆ, ತುಟಿಯ ಒಂದೇ ಕಡೆಯಿಂದ. ನಾನು ಎಷ್ಟು ಚಂದ ಮಾತಾಡಿದರೂ ಆ ನಗು ನನಗೆ ಬಂದಿಲ್ಲ. ನನ್ನ ಮಾತಿಗೆ ಅವರು ಪೂರ್ತಿ ಬಾಯಿಯಿಂದ ನಗುತ್ತಾರೆ, ಅದು ಬೇರೆ.

ನಿನ್ನ ಮಗಳು ಅನಿತಾ ನರ್ಸ್ ಆಗಿ ಮಸ್ಕತ್‌ಗೆ ಹೊರಟ ದಿನ ನಾನು ಚಟ್ನಿಪುಡಿ, ಕರದಂಟು ಕಟ್ಟಿಕೊಟ್ಟಿದ್ದೆ. ತಗೊಂಡಳು. ಹುಡುಗಿ ಒಳ್ಳೆಯವಳು, ಒಂದು ದಿನವೂ ನನಗೆ ಎದುರು ಆಡಲಿಲ್ಲ. ಎದುರು ಆಡಿದ್ದರೆ ಒಳ್ಳೆಯದಿತ್ತು, ಒಮ್ಮೆ ಜಗಳವಾಗಿ ಮುಗಿಯುತ್ತಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿರುವ ಹುಡುಗನನ್ನು ಮೆಚ್ಚಿ ಮದುವೆಯಾದಾಗಲೂ ಅಪ್ಪನಿಗೆ ಹೇಳಿದಳು, ಅಪ್ಪ ನನಗೆ ಹೇಳಿದರು. ವಾರಕ್ಕೊಮ್ಮೆ ಫೋನು. ನಾನು ಎತ್ತಿದರೆ, "ಆರಾಮ ಅದೀರೇನ್ರಿ? ಅಪ್ಪ ಅದಾರೇನ್ರಿ?" ಎರಡೂ ಪ್ರಶ್ನೆ ಒಂದೇ ಉಸಿರಿನಲ್ಲಿ. ಮೊದಲನೆಯದಕ್ಕೆ ನಾನು ಉತ್ತರ ಹೇಳುವ ಹೊತ್ತಿಗೆ ಎರಡನೆಯದು ಬಂದಿರುತ್ತಿತ್ತು. ವಿದೇಶದ ಫೋನು, ದುಬಾರಿ, ಮಾತು ಗಿಡ್ಡ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅಪ್ಪನ ಜೊತೆ ಮಾತಾಡುವಾಗ ಮಾತ್ರ ಅದು ಅಷ್ಟು ಗಿಡ್ಡ ಆಗುತ್ತಿರಲಿಲ್ಲವಲ್ಲ...

ಬೆಳಗಾವಿಗೆ ಬ್ರಾಡ್‌ಬ್ಯಾಂಡ್ ಬಂದು ನಮ್ಮ ಓಣಿಗೂ ತಲುಪಿದ ವರ್ಷ, ಅನಿತಾಳ ಜೊತೆ ಕೆಲಸ ಮಾಡುವ ಹಿಂಡಲಗಾದ ನರ್ಸ್ ಒಬ್ಬಳು ರಜೆಗೆ ಬಂದಾಗ ಒಂದು ಸಣ್ಣ ಡಬ್ಬಿ ತಂದುಕೊಟ್ಟಳು. ಸಾಬೂನಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಮುಂದೆ ಹಸಿರು ದೀಪ. ಅಡಾಪ್ಟರ್ ಅಂತೆ. ಒಂದು ಕಡೆ ಇಂಟರ್ನೆಟ್ಟಿನ ವಾಯರು, ಇನ್ನೊಂದು ಕಡೆ ಮನೆಯ ಮಾಮೂಲಿ ಫೋನು. ಮಸ್ಕತ್ತಿನಲ್ಲಿ ಅನಿತಾಳ ಮನೆಯಲ್ಲೂ ಇಂಥದ್ದೇ ಇದೆ. ಎರಡನ್ನೂ ಹಚ್ಚಿದರೆ ಮಸ್ಕತ್ತೂ ಶಿವಬಸವ ನಗರವೂ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ನಾನು ಆಸೆಯಿಂದ, ಹಾಗಿದ್ದರೆ ಇದಕ್ಕೊಂದು ಹೊಸ ಕಾರ್ಡ್‌ಲೆಸ್ ಫೋನು ತರೋಣ ಎಂದೆ. ಅವರು ತಲೆ ಅಲ್ಲಾಡಿಸಿದರು. "ಅನಿತಾ ಹೇಳ್ಯಾಳ, ಹೊಸಾದು ಬ್ಯಾಡಂತ. ಅವ್ವನ ಫೋನನ್ನ ಹಚ್ಚಬೇಕಂತ. ಮೂರೂ ಕಡೆ ಬಡೀಬೇಕಂತ." ನೋಡಿದೆಯಾ? ದುಡಿದು ಕಳಿಸಿದವಳು ನಿನ್ನ ಮಗಳು, ಬಡಿಯುವುದು ನಿನ್ನ ಫೋನು, ನಾನು ಎತ್ತಿ "ಹಲೋ" ಅನ್ನುವವಳು. ಡಬ್ಬಿಯನ್ನು ಮೊದಲು ನಿನ್ನ ಮುಂದೆ ಇಟ್ಟೆ. ಕುಂಕುಮ ಸ್ವಲ್ಪ ಜೋರಾಗಿಯೇ ಒತ್ತಿದೆ.

ಮರುದಿನ ಭಾನುವಾರ ಅವರೇ ಜೋಡಿಸಲು ಕೂತರು. ಉದ್ಯಮಬಾಗದಲ್ಲಿ ಸ್ವಂತ ಲೇತ್ ಕಾರ್ಖಾನೆ ಇರುವ ಮನುಷ್ಯ, ಕೈ ಸುಮ್ಮನಿರುತ್ತದೆಯೇ? ಹಾಲ್‌ನ ಗೋಡೆಯಲ್ಲಿ ಒಳಗಿನ ವಾಯರೆಲ್ಲ ಕೂಡುವ ಜಾಗವಿದೆಯಲ್ಲ, ಅಲ್ಲಿಗೆ ಅಡಾಪ್ಟರಿನ ವಾಯರನ್ನು ಸಿಕ್ಕಿಸಿದರು. ಆಗ ಮನೆಯ ಎಲ್ಲ ಫೋನಿಗೂ ತಾನಾಗಿ ಹೋಗುತ್ತದೆ ಎಂದು ಲೆಕ್ಕ. ಲೆಕ್ಕ ಸರಿಯೇ ಇತ್ತು. ಆದರೆ ಹೊರಗಿನಿಂದ ಬರುವ ಹಳೆಯ ಲೈನನ್ನು ಅವರು ಬಿಡಿಸಿರಲಿಲ್ಲ. ನಿನ್ನ ಲೈನನ್ನು ಯಾರಾದರೂ ಬಿಡಿಸುವುದುಂಟೇ? "ಅಡಗಿಮನಿ ಫೋನ್ ಎತ್ತ, ಟೋನ್ ಬರ್ತೈತೇನ ನೋಡು" ಎಂದು ಕೂಗಿದರು. ನಾನು ಕೈ ಚಾಚುವುದಕ್ಕೂ ಫೋನು ಬಡಿಯುವುದಕ್ಕೂ ಸರಿಹೋಯಿತು. ಅರ್ಧ ಬಡಿದು, ಸಿಕ್ಕಿಕೊಂಡಂತೆ ಕಿರ್ ಎಂದು ನಿಂತಿತು. ಹಾಲ್‌ನಿಂದ ಸುಟ್ಟ ವಾಸನೆ. ಡಬ್ಬಿಯ ದೀಪ ಹೋಗಿತ್ತು. ಭಾನುವಾರ ಬೆಳಿಗ್ಗೆ ಯಾರು ಫೋನು ಮಾಡುತ್ತಾರೆ ಹೇಳು? ನಿನ್ನ ತಂಗಿ ಮಾಡಿದ ಫೋನು ನಿನ್ನ ಮಗಳು ಕಳಿಸಿದ ಡಬ್ಬಿಯನ್ನು ಸುಟ್ಟಿತು. ಈ ಮನೆಯಲ್ಲಿ ಮಾತ್ರ ಆಗುವ ಅನಾಹುತ ಇದು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತು ಎಂದರೆ ಆ ದಿನ ಶಿರಾ ಮಾಡಿದೆ.

ಖಡೇಬಜಾರದಲ್ಲಿ ಫೋನು ರಿಪೇರಿ ಮಾಡುವ ರಫೀಕ್ ಭಾಯಿ ಬಂದು ಡಬ್ಬಿಯನ್ನು ಮೂಸಿ ನೋಡಿ ನಕ್ಕರು. "ನಿಮ್ದೊಂದ ಅಲ್ಲ ಭಾಬೀ, ಹೋದ ತಿಂಗಳ ನನ್ನ ಕೈಯಾಗೂ ಒಂದು ಹಿಂಗ ಸುಟ್ಟೈತಿ. ಹೊರಗಿನ ಲೈನಿಂದ ಬಡಿಯೂ ಕರೆಂಟ್ ಬರತೈತಲ್ಲ, ಅದು ಇದರೊಳಗ ಹೊಕ್ತು ಅಂದ್ರ ಖಲಾಸ್. ಒಂದು ಜೋಡಿ ವಾಯರಿನ್ಯಾಗ ಎರಡು ಲೈನು ನಡೆಯಂಗಿಲ್ಲ. ಹೊಸಾದು ಬೇಕಂದ್ರ ಹಳೇದನ್ನ ಬಾಗಲಾಗ ಕಡೀಬೇಕು." ಯಜಮಾನರು ಕೇಳಿದರು, "ಕಡದ್ರ ಖಾನಾಪುರದ ಫೋನು ಅಡಗಿಮನ್ಯಾಗ ಬರೂದಿಲ್ಲೇನು?" ಬರುವುದಿಲ್ಲ, ಹಾಲ್‌ನಲ್ಲಿ ಇಂಟರ್ನೆಟ್ಟಿನ ಡಬ್ಬಿಯ ಪಕ್ಕ ಒಂದೇ ಫೋನಿಗೆ ಬರುತ್ತದೆ ಎಂದರು ಭಾಯಿ. "ಹಂಗಿದ್ರ ಬ್ಯಾಡ ಬಿಡ್ರಿ" ಎಂದುಬಿಟ್ಟರು ಇವರು.

ರಫೀಕ್ ಭಾಯಿ ಚಹಾ ಕುಡಿದು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ, "ಯಾಕ ಬ್ಯಾಡ? ಕಡೀರಿ."

"ಇಪ್ಪತ್ತು ವರ್ಷದ್ದ ಐತಿ ಕಸ್ತೂರಿ, ಆ ಲೈನು."

"ನಂದೂ ಏಳು ವರ್ಷದ್ದ ಐತಿ. ಏಳು ವರ್ಷದಾಗ ಒಂದ ಭಾನುವಾರ ಮುಂಜಾನೆ ನಾ ನನ್ನ ಅಡಗಿಮನ್ಯಾಗ ನಿಂತಿಲ್ಲ. ಒಂದ ಸಲ, ಒಂದ ಸಲರೇ ನನ್ನ ಸಲುವಾಗಿ ಏನರೇ ಬಿಟ್ಟೀರೇನ್ರಿ ನೀವು?"

ಅವರು ಚಪ್ಪಲಿ ಮೆಟ್ಟಿಕೊಂಡು ರಜೆಯ ದಿನವೇ ಉದ್ಯಮಬಾಗಕ್ಕೆ ಹೋದರು. ನನಗೆ ಬೇಕಿದ್ದದ್ದು ಫೋನಲ್ಲ ಅಕ್ಕಾ, ನಿನಗೂ ಗೊತ್ತು. ಅವರು ತಮ್ಮ ಬಾಯಿಂದ "ಕಡೀಲಿ" ಅನ್ನಬೇಕಿತ್ತು. ಅಷ್ಟೇ. ಸತ್ತವಳ ಲೈನನ್ನು ಇದ್ದವಳಿಗಾಗಿ ಒಂದು ಗೇಣು ಕಡಿಯುವುದು ಅಷ್ಟು ಕಷ್ಟವೇ? ಅಂದು ಮಧ್ಯಾಹ್ನ ನಿನ್ನ ಫೋಟೋಗೆ ಹೂ ಏರಿಸಲಿಲ್ಲ. ನೀನು ನಗುವುದನ್ನೇನೂ ನಿಲ್ಲಿಸಲಿಲ್ಲ.

ಅನಿತಾ ಇನ್ನೊಂದು ಡಬ್ಬಿ ಕಳಿಸಿದಳು. ಅದು ಬಂದ ದಿನ ಊಟಕ್ಕೆ ಕೂತಾಗ ಅವರು ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದರು, "ನಾಳೆ ರಫೀಕ್ ಬರ್ತಾನ. ಹೊರಗಿನ ಲೈನು ಕಡದ ಬಿಡಂತ ಹೇಳೀನಿ. ಮಂದಾಗೂ ಹೇಳೀನಿ, ಇನ್ನ ಮ್ಯಾಲ ಹಾಲ್‌ನ್ಯಾಗ ಮಾತಾಡ್ತೀನಂತ." ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಹಾಗೇ ನಿಂತಿತು. ಗೆದ್ದೆ ಅಂದುಕೊಂಡೆ. ಅವರಿಗೆ ಇನ್ನೊಂದು ರೊಟ್ಟಿ ಹಾಕಿದೆ, ಬೆಣ್ಣೆ ಹಾಕಿದೆ, ಬೇಡ ಬೇಡ ಎಂದರೂ ಮತ್ತೊಂದು ಹಾಕಿದೆ. ಅವರು ಎಲ್ಲವನ್ನೂ ತಿಂದರು.

ಮರುದಿನ ರಫೀಕ್ ಭಾಯಿ ಕಡಿಯುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಹಸಿರು ಫೋನಿನ ಹಿಂದಿನ ಗೋಡೆಯ ಮುಚ್ಚಳ ಬಿಚ್ಚಿದರು. "ಅರೇ!" ಎಂದರು. ಒಳಗೆ ಕೆಂಪು, ಹಸಿರು ವಾಯರು ಫೋನಿಗೆ ಹತ್ತಿದ್ದವು. ಅವುಗಳ ಹಿಂದೆ ಹಳದಿ, ಕಪ್ಪು ಇನ್ನೆರಡು, ಯಾವುದಕ್ಕೂ ಹತ್ತದೆ, ತುದಿಗೆ ಟೇಪು ಸುತ್ತಿ ಚಕ್ಕುಲಿಯಂತೆ ಮಡಿಸಿಟ್ಟಿದ್ದವು. ಮಾಳಿಗೆಯಲ್ಲಿ ನೋಡಿದರು, ಅಲ್ಲೂ ಹಾಗೇ. ಹಾಲ್‌ನಲ್ಲೂ. "ಭಾಬೀ, ಒಂದು ಜೋಡಿ ಪೂರಾ ಖಾಲಿ ಐತ್ರಿ! ಹಳೇದು ಇದರಾಗ ಇರಲಿ, ಹೊಸಾದು ಅದರಾಗ ಹೋಗಲಿ. ಏನೂ ಕಡಿಯೂದ ಬ್ಯಾಡ. ಆ ಕಾಲದಾಗ ಯಾರ್ರಿ ಇಷ್ಟ ಮುಂದಿನ ವಿಚಾರ ಮಾಡಿದವ್ರು?"

ಯಜಮಾನರ ಮುಖದಲ್ಲಿ ಆ ನಗು ಬಂತು, ಒಂದು ಕಡೆಯದು. "ಆಕೀನ. ನಿಮ್ಮ ಕಾರ್ಖಾನಿ ಫೋನು ಬಂದ್ರ ನನ್ನ ಮಾತು ಅರ್ಧಕ್ಕ ನಿಂದರತೈತಿ, ಮುಂದ ಇನ್ನೊಂದು ಲೈನು ತಗೊಳ್ಳೂಣು, ಒಂದು ನಿಮಗ, ಒಂದು ನನಗ ಅಂತಿದ್ಲು. ಎರಡನೇದ್ದು ಬರಲೇ ಇಲ್ಲ."

ನಾನು ನಿನ್ನನ್ನು ಎಷ್ಟು ಬೈದೆನೆಂದು ಹೇಳಲಾರೆ. ಏಳು ವರ್ಷ ಕಾದು ಗಂಡನ ಬಾಯಿಂದ ಒಂದು ಮಾತು ಹೊರಡಿಸಿದ್ದೆ, ನೀನು ಗೋಡೆಯೊಳಗೆ ಮೊದಲೇ ಕೂತು ಅದನ್ನು ಬೇಡವಾಗಿಸಿಬಿಟ್ಟೆ. ಗೆದ್ದ ಮೇಲೂ ಗೆಲ್ಲಲು ಬಿಡಲಿಲ್ಲ. ರಫೀಕ್ ಭಾಯಿ ಕೈಯಲ್ಲಿ ಕತ್ತರಿ ಹಿಡಿದೇ, "ಏನ ಮಾಡ್ಲಿ? ಕಡೀಲೋ, ಜೋಡಸ್ಲೋ?" ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು. ಖರೇ ಹೇಳುತ್ತೇನೆ, ಆಗಲೂ "ಕಡೀರಿ" ಅಂದಿದ್ದರೆ ಅವರು ತಡೆಯುತ್ತಿರಲಿಲ್ಲ. ಬಾಯಿಯವರೆಗೆ ಬಂದಿತ್ತು. ಆದರೆ ಏಣಿ ಹಿಡಿದು ನಿಂತು, ಬಾರದ ಲೈನಿಗಾಗಿ ವಾಯರು ಎಳೆಸಿದ ಒಬ್ಬ ಹೆಂಗಸು ಕಣ್ಣಿಗೆ ಬಂದಳು. ಅವಳಿಗೂ ಒಂದಷ್ಟು ಜಾಗ ತನ್ನದೇ ಬೇಕಿತ್ತಲ್ಲ, ಈ ಮನೆಯಲ್ಲಿ... "ಜೋಡಸ್ರಿ" ಎಂದೆ. ಹಸಿರು ಫೋನಿಗೆ ಮಗಳ ಲೈನು ಬಂತು, ಅವಳು ಕೇಳಿದ್ದು ಅದೇ ತಾನೆ. ನಿನ್ನ ಹಳೆಯ ನಂಬರಿಗೆ ನಾನು ಒಂದು ಕೆಂಪು ಫೋನು ತಂದೆ. ಅದನ್ನು ನಿನ್ನ ಮುಂದೆ ಇಡಲಿಲ್ಲ. ಸೀದಾ ಕಟ್ಟೆಯ ಮೇಲೆ ಇಟ್ಟೆ. ಈಗ ಉಪ್ಪಿನ ಭರಣಿಯ ಆಚೆ ಒಂದು, ಈಚೆ ಒಂದು.

ನಿನ್ನೆ ಬೆಳಿಗ್ಗೆ ಯಜಮಾನರು ಕೆಲಸಕ್ಕೆ ಹೋದ ಮೇಲೆ, ಹಾಲು ಕಾಯಲು ಇಟ್ಟಿದ್ದೆ, ಹಸಿರು ಫೋನು ಬಡಿಯಿತು. ರಾತ್ರಿ ಪಾಳಿ ಮುಗಿಸಿ ಬಂದಿದ್ದಳು ಅನಿತಾ. ಅವಳು ಕೇಳುವ ಮೊದಲೇ ನಾನೇ ಹೇಳಿದೆ, "ಅಪ್ಪ ಇಲ್ಲವಾ, ಕಾರ್ಖಾನಿಗೆ ಹೋಗ್ಯಾರ."

"ಗೊತ್ತೈತ್ರಿ. ಅದಕ್ಕ ಈಗ ಮಾಡೀನಿ."

ಏನಾದರೂ ಕೆಟ್ಟದ್ದೇ? ಅವಳು ಮೆಲ್ಲಗೆ, "ನನಗ ಮೂರ ತಿಂಗಳ ಆತ್ರಿ" ಎಂದಳು. ನಾನು ಏನು ಹೇಳಿದೆನೋ ನೆನಪಿಲ್ಲ, ಏನೋ ಒದರಿದೆ. ಅವಳು ನಕ್ಕಳು, ಆಮೇಲೆ ದನಿ ಸಣ್ಣದಾಯಿತು. "ಒಂದು ಕೇಳಬೇಕಿತ್ತು. ಯಾರಿಗೆ ಕೇಳಲಿ ಗೊತ್ತಾಗವಲ್ದು. ನನಗ ಮಣ್ಣು ತಿನ್ನೂ ಹಂಗ ಆಗತೈತ್ರಿ. ಹೂವಿನ ಕುಂಡ ಕಂಡ್ರ ಬಾಯಾಗ ನೀರು ಬರತೈತಿ. ನಾ ನರ್ಸ್ ಆಗಿ ಹಿಂಗ ಹೇಳಾಕ ನಾಚಿಕಿ ಬರತೈತಿ. ನಮ್ಮವ್ವಗೂ ಹಿಂಗ ಆಗಿತ್ತೇನ್ರಿ?"

ನನಗೇನು ಗೊತ್ತು? ನಾನು ಹೆತ್ತವಳಲ್ಲ, ನಿನ್ನನ್ನು ನೋಡಿದವಳೂ ಅಲ್ಲ. ಅವಳು ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಅದರ ಉತ್ತರವೂ ನಿನ್ನ ಹತ್ತಿರವೇ! ಆ ಕ್ಷಣ ನಿನ್ನ ಮೇಲೆ ಬಂದಷ್ಟು ಹೊಟ್ಟೆಕಿಚ್ಚು ಏಳು ವರ್ಷದಲ್ಲಿ ಬಂದಿರಲಿಲ್ಲ. "ಡಾಕ್ಟರಿಗೆ ತೋರಸು, ರಕ್ತ ಕಡಿಮಿ ಆಗಿರತೈತಿ" ಎಂದೆ. "ಅದು ಗೊತ್ತೈತ್ರಿ, ಗುಳಿಗಿ ತಗೊಳ್ಳಾಕತ್ತೀನಿ" ಎಂದಳು. ಅವಳಿಗೆ ಬೇಕಿದ್ದದ್ದು ಗುಳಿಗೆಯ ಮಾತಲ್ಲ. "ತಡಿ, ಲೈನಿನ ಮ್ಯಾಲ ಇರು" ಎಂದೆ. ಎಡಗೈಯಲ್ಲಿ ಹಸಿರು ಫೋನು ಹಿಡಿದೇ ಬಲಗೈಯಿಂದ ಕೆಂಪು ಫೋನು ಎತ್ತಿ ಕಟ್ಟೆಯ ಮೇಲಿಟ್ಟು ಖಾನಾಪುರದ ನಂಬರು ಒತ್ತಿದೆ. ಒಮ್ಮೆಯೂ ಮಾಡಿದ ನಂಬರಲ್ಲ. ಮಂದಾಳ ಫೋನು ಬಾರದ ಭಾನುವಾರ ಅವರೇ ಒತ್ತುವಾಗ ಹಿತ್ತಲ ಬಾಗಿಲಿನಿಂದ ಅವರ ಬೆರಳನ್ನು ನೋಡಿ ನೋಡಿ ಬಾಯಿಪಾಠವಾಗಿತ್ತು.

"ಭಾವೋಜೀ?" ಎಂದಳು ಮಂದಾ. "ನಾನ್ರೀ, ಕಸ್ತೂರಿ" ಎಂದೆ. ಆ ಕಡೆ ಸದ್ದಿಲ್ಲ, ಮೊದಲ ವಾರದ ಹಾಗೇ. ಇಟ್ಟುಬಿಡುತ್ತಾಳೆ ಎಂದು ಬಡಬಡ ಹೇಳಿಬಿಟ್ಟೆ, "ಇಡಬ್ಯಾಡ್ರಿ. ಅನಿತಾ ಇನ್ನೊಂದು ಫೋನಿನ್ಯಾಗ ಅದಾಳ. ಬಸರಿ ಅದಾಳ. ಆಕಿಗೆ ಮಣ್ಣು ತಿನ್ನೂ ಹಂಗ ಆಗಾಕತ್ತೈತಿ. ಅವರವ್ವಗ ಹಿಂಗ ಆಗಿತ್ತೇನ ಕೇಳಾಕತ್ತಾಳ." ಆಮೇಲೆ ಮಂದಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಹಾಗೆ, "ಅಯ್ಯೋ ಬಾಯೀ! ಮಣ್ಣಷ್ಟ ಅಲ್ಲ, ಹೆಂಚು! ಅನಿತಾ ಹೊಟ್ಯಾಗಿದ್ದಾಗ ನಮ್ಮಕ್ಕ ಹೊಸಾ ಹೆಂಚಿನ ತುದಿ ಮುರದು ಮುರದು ಕಡದಾಳ. ನಮ್ಮಪ್ಪ ಮಾಡ ಹೊದಸಾಕ ತಂದಿಟ್ಟಿದ್ದ, ಮಳಿ ಬಂದಾಗ ಮನಿ ಸೋರಿತು!" ಎಂದಳು.

ಇದನ್ನು ನಾನು ಹೇಗೆ ಹೇಳಲಿ? ಹೇಳಿದರೆ ಅದು ನನ್ನ ಮಾತಾಗುತ್ತದೆ. ಕೆಂಪು ಫೋನನ್ನು ತಲೆಕೆಳಗು ಮಾಡಿ ಹಸಿರು ಫೋನಿಗೆ ಒತ್ತಿ ಹಿಡಿದೆ, ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ. ಮಸ್ಕತ್ತೂ ಖಾನಾಪುರವೂ ನನ್ನ ಎರಡು ಕೈಗಳ ನಡುವೆ ನಿನ್ನ ಬಗ್ಗೆ ಮಾತಾಡಿದವು. ನನಗೆ ಬರೀ ಗುಜುಗುಜು. ಒಮ್ಮೆ "ಹೆಂಚು" ಕೇಳಿಸಿತು, ಒಮ್ಮೆ ಅನಿತಾಳ ನಗು. ಅವಳು ಅಷ್ಟು ಜೋರಾಗಿ ನಗುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಆರಿಸಲು ನನಗೆ ಕೈ ಇರಲಿಲ್ಲ. ಸಂಕಟವಾಯಿತು ಅಕ್ಕಾ, ಅವರಿಬ್ಬರಿಗೂ ನೀನಿದ್ದೀಯ ಎಂದು. ಆದರೂ ಕೈ ಸಡಿಲ ಬಿಡಲಿಲ್ಲ.

ಕೊನೆಗೆ ಇಬ್ಬರೂ ಒಟ್ಟಿಗೆ ನನ್ನನ್ನು ಕೂಗಿದರು. ಮಂದಾ ಹೇಳಿದಳು, "ಐತವಾರ ಖಾನಾಪುರಕ್ಕ ಬರ್ರಿ. ಫೋನಿನ್ಯಾಗ ಆಗೂದಿಲ್ಲ. ಕುಂಬಾರರ ಕಡೆ ಒಂದು ಸಣ್ಣ ಗಡಗಿ ತಗೊಂಡು ಆಕಿಗೆ ಕಳಸೂಣು, ನೀರು ಹಾಕಿ ವಾಸನಿ ತಗೊಳ್ಳಾಕರೇ ಆಗತೈತಿ." ಹೋಗುತ್ತೇನೆ. ಗಡಿಗೆಯನ್ನು ನಾನೇ ಆರಿಸುತ್ತೇನೆ, ಸೀರೆಯಲ್ಲಿ ಸುತ್ತಿ ಒಡೆಯದ ಹಾಗೆ ಕಳಿಸುತ್ತೇನೆ. ನಿನಗೆ ಕೊಡುವ ಮಾತು ಇದು. ಅನಿತಾ ಇಡುವ ಮೊದಲು ಹೇಳಿದಳು, "ಅಪ್ಪಗ ಶುಕ್ರವಾರ ನಾನ ಹೇಳತೀನಿ. ಅಲ್ಲೀತನ ಹೇಳಬ್ಯಾಡ್ರಿ. ಮೊದಲ ನಿಮಗ ಹೇಳೀನಿ."

ಅದನ್ನೇ ಬರೆಯಲು ಕೂತೆ ಇವತ್ತು. ಈ ಹಾಳೆಯನ್ನು ಮಡಿಸಿ, ಕುಂಕುಮ ಹಚ್ಚಿ ನಿನ್ನ ಫೋಟೋದ ಮುಂದೆ ಇಡುತ್ತೇನೆ, ಹೊಸದು ಏನು ಬಂದರೂ ಇಡಬೇಕಲ್ಲ. ಆದರೆ ಏಳು ವರ್ಷ ಎಲ್ಲವೂ ಮೊದಲು ನಿನಗೆ, ಆಮೇಲೆ ನನಗೆ ಬಂತು. ನೀನು ಅಜ್ಜಿಯಾಗುತ್ತಿದ್ದೀಯ ಅಕ್ಕಾ. ಈ ಸುದ್ದಿ ಮೊದಲು ನನಗೆ ಬಂತು, ಆಮೇಲೆ ನಿನಗೆ. ಹೊಟ್ಟೆಕಿಚ್ಚು ಪಡು, ಈ ಸಲ ನಿನ್ನ ಪಾಳಿ.

ಕಸ್ತೂರಿ